ಹದಿಮೂರರ ಮಗ್ಗಿ ಮುಗಿಯುವತನಕ

ಮೊಣಕಾಲಿನತನಕ ಬಂದ ಗುಂಡುಕಲ್ಲು ಅಲ್ಲಿಂದ ಮೇಲೆ ಏರಲಿಲ್ಲ. ಅನಂತನ ಕೈ ಜಾರಿತು. ಕಲ್ಲು ಧಪ್ಪೆಂದು ಕೆಮ್ಮಣ್ಣಿಗೆ ಬಿದ್ದಾಗ ಗೋಡೆಗೆ ಒರಗಿ ಕೂತವರೆಲ್ಲ ಕಾಲು ಹಿಂದೆಳೆದುಕೊಂಡರು.

"ಒಂದ ಆತು. ಇನ್ನ ಎರಡ ಉಳದಾವು," ಎಂದ ಕುಸ್ತಿ ಕಲಿಸುವ ವಸ್ತಾದ ಗೌಸಸಾಬ. "ಕುಂಡ್ರು. ಮಗ್ಗಿ ಹೇಳು."

ತಾಲೀಮು ಎಂದೇ ಕರೆಯುವ ಬೆಟಗೇರಿಯ ಈ ಗರಡಿಯಲ್ಲಿ ದಣಿವಾರಿಸಿಕೊಳ್ಳಲು ಗಡಿಯಾರ ನೋಡುವವರಿಲ್ಲ. ಕಲ್ಲು ಕೆಳಗಿಟ್ಟವನು ಕೂತು ಹದಿಮೂರರ ಮಗ್ಗಿ ಹೇಳಬೇಕು. ನಡುವೆ ಏದುಸಿರು ಬಂದರೆ ಮತ್ತೆ ಮೊದಲಿಂದ. ಒಂದೇ ದಮ್ಮಿನಲ್ಲಿ ಮುಗಿಸಲು ಬಂತೆಂದರೆ ಮೈ ತಯಾರಾಯಿತು ಎಂದರ್ಥ. ಆಮೇಲೆ ಕೂರುವಂತಿಲ್ಲ, ಬೆವರು ಆರಿದರೆ ಕೈಕಾಲು ಬಿಗಿಯುತ್ತವೆ. ಇದು ಗೌಸಸಾಬನಿಗೆ ಅವನ ವಸ್ತಾದ ಕಲಿಸಿದ್ದು.

ಅನಂತ ಕೂತ. "ಹದಿಮೂರ ಒಂದ್ಲೆ ಹದಿಮೂರು, ಹದಿಮೂರ ಎರಡ್ಲೆ ಇಪ್ಪತ್ತಾರು..." ಎಂದು ಶುರುಮಾಡಿದವನು ಉಳಿದವರು ನೋಡನೋಡುತ್ತಿದ್ದಂತೆ ಮಗ್ಗಿ ಮುಗಿಸಿ ಎದ್ದು ನಿಂತ. ಅಪ್ಪ ಸಾಲಿ ಮಾಸ್ತರ, ಅಜ್ಜ ಗುಡಿಯ ಅರ್ಚಕ. ಮಂತ್ರ, ಮಗ್ಗಿ ಏನಿದ್ದರೂ ಉಸಿರಿನ ಹಂಗಿಲ್ಲದೆ ಒಪ್ಪಿಸುವ ವಿದ್ಯೆ ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಇತ್ತು.

ಕಲ್ಲನ್ನು ಹೆಗಲಿಗೆ ಏರಿಸಿದವನಿಗೆ ತಾಲೀಮಿನ ಒಳಗೋಡೆಯಲ್ಲಿ ಒಂದು ಗೂಟ. ಅವನ ಬಟ್ಟೆಗೆ, ಅವನು ಇರುವತನಕ. ಉಳಿದವರದೆಲ್ಲ ಹೊರಗಿನ ಬೇವಿನ ಗಿಡಕ್ಕೆ. ಅನಂತನ ಹೊಸ ಟೆರಿಲಿನ್ ಅಂಗಿಯ ಎಡತೋಳನ್ನು ಆಡೊಂದು ಅಲ್ಲೇ ತಿಂದು ಹಾಕಿತ್ತು. ತಾಯಿ ಜಾನಕೀಬಾಯಿ ಬೇರೆ ಬಣ್ಣದ ತೋಳು ಹಚ್ಚಿಕೊಟ್ಟು, "ಆ ಕಲ್ಲರ ಎತ್ತು, ಇಲ್ಲಾ ಆಡಿಗೇ ಒಂದ ಅಂಗಿ ಹೊಲಿಸಿಬಿಡು," ಎಂದಿದ್ದಳು. ಕಲ್ಲು ಮುಟ್ಟುವುದು ಅಮಾವಾಸ್ಯೆಗೊಮ್ಮೆ, ಮೂರೇ ಸಲ. ಎಷ್ಟೋ ಅಮಾವಾಸ್ಯೆಗಳಿಂದ ಅವನು ಈ ತಾಲೀಮಿನ ಬೀಗರಂತೆ ಬಂದು ಹೋಗುತ್ತಿದ್ದ.

ಎರಡನೇ ಸಲ ಕಲ್ಲು ಮೊಣಕಾಲನ್ನೂ ಮುಟ್ಟಲಿಲ್ಲ.

"ಲೇ, ಕಲ್ಲ ಎತ್ತಿ ಬಂದ್ಯೋ, ಬರೇ ನಮಸ್ಕಾರ ಮಾಡಿ ಬಂದ್ಯೋ?" ಎಂದ ಮುದಕಪ್ಪ. ಹರ್ತಿಯಿಂದ ಸೈಕಲ್ ಹೊಡೆದುಕೊಂಡು ಬರುವ ಒಕ್ಕಲಿನ ಹುಡುಗ. ಹೋದ ಅಮಾವಾಸ್ಯೆಗೆ ಗೂಟ ಗೆದ್ದು, ಅದಕ್ಕೆ ತನ್ನ ಬೆಲ್‌ಬಾಟಮ್ ತೂಗುಹಾಕಿ ರಾಜನ ಹಾಗೆ ಕೂತಿದ್ದ.

ಅನಂತ ಕೂತು ಮಗ್ಗಿ ಹಿಡಿದ. ಅವನು ನಾಲ್ಕ್ಲೆಗೆ ಬರುವಷ್ಟರಲ್ಲಿ ಮುದಕಪ್ಪ ಕೈ ಎತ್ತಿದ. "ವಸ್ತಾದ್ರ, ಇವನ ಎದಿ ನೋಡ್ರಿ. ಕಮ್ಮಾರನ ತಿದಿ ಆಗೇತಿ. ಬಾಯಿ ಅಷ್ಟ ಮಗ್ಗಿ ಹೇಳಾಕತ್ತೈತಿ!"

ಗೌಸಸಾಬ ಬಂದು ಅನಂತನ ಎದೆಯ ಮೇಲೆ ಕೈಯಿಟ್ಟ. ಏರಿಳಿತ ನೋಡಿ ಹೌದೆಂದು ತಲೆಯಾಡಿಸಿದ. "ಖರೆ ಐತಿ. ಮಾಸ್ತರ ಮಗನ, ನಿನಗ ಈ ಮಗ್ಗಿ ನಡಿಯೂದಿಲ್ಲ. ಮುದಕಪ್ಪಾ, ಇವನ ಬದಲಿ ನೀ ಹೇಳು. ನಿಂದು ಮುಗಿಯೂತನಕಾ ಇಂವ ಕುಂಡ್ರಲಿ."

"ಹಂಗಾದ್ರ ಇಂವ ಮುಂದಿನ ಅಮಾಸಿಗೇ ಏಳತಾನ್ರಿ!" ಎಂದು ಯಾರೋ ಕೂಗಿದರು. ತಾಲೀಮು ಬಿದ್ದು ಬಿದ್ದು ನಕ್ಕಿತು.

ಮುದಕಪ್ಪ ಗಂಟಲು ಸರಿಮಾಡಿಕೊಂಡು ಹೊರಟ. ಆರ್ಲೆ ಎಪ್ಪತ್ತೆಂಟರತನಕ ಗಾಡಿ ಚೆನ್ನಾಗಿಯೇ ಓಡಿತು. "ಹದಿಮೂರ ಏಳ್ಲೆ... ಎಂಬತ್ತೊಂಬತ್ತು?"

"ಅಲ್ಲ," ಎಂದ ವಸ್ತಾದ.

"ತೊಂಬತ್ತಮೂರು?"

"ಅಲ್ಲೋ."

ಮುದಕಪ್ಪ ಸೂರು ನೋಡಿದ. ಬೆರಳು ಎಣಿಸಿದ. ಕಾಲ್ಬೆರಳಿಗೂ ಬಂದ. ಅನಂತನ ತೋಳಿನ ನಡುಕ ನಿಂತಿತು. ಎದೆ ತಣ್ಣಗಾಗಿ, ಪಕ್ಕದ ಓಣಿಯ ನೇಕಾರರ ಲಾಳಿಯ ಸದ್ದು ಈಗಷ್ಟೇ ಕಿವಿಗೆ ಬಿತ್ತು. ದಣಿವಾರುವುದು ಎಂದರೆ ಹೀಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಇನ್ನೊಂದಿಷ್ಟು ಹೊತ್ತು ಸಾಕು, ಕಲ್ಲು ಹೆಗಲ ಮೇಲೆ.

"ಎಂಬತ್ತೇಳು?" ಎಂದ ಮುದಕಪ್ಪ.

ಅನಂತ ತುಟಿ ಕಚ್ಚಿದ.

"ತೊಂಬತ್ತಾರು?"

ಮಾಸ್ತರರ ಮನೆತನದ ಗಂಟಲು ಅದು, ಎಷ್ಟಂತ ತಡೆದೀತು? "ತೊಂಬತ್ತೊಂದು ಲೇ, ತೊಂಬತ್ತೊಂದು!"

"ಹಾಂ, ತೊಂಬತ್ತೊಂದು!" ಮುದಕಪ್ಪ ಹುರುಪಿನಿಂದ ಉಳಿದದ್ದನ್ನು ಉರುಳಿಸಿಬಿಟ್ಟ. "...ಹದಿಮೂರ ಹತ್ಲೆ ನೂರಾಮೂವತ್ತು!"

"ಮುಗೀತು. ಏಳು," ಎಂದ ಗೌಸಸಾಬ.

ಮೂರನೇ ಸಲ ಕಲ್ಲು ತೊಡೆ ದಾಟಿತು. ಹೊಟ್ಟೆ ದಾಟಿತು. ಎದೆಗೆ ಬಂದು ಅನಂತನ ಗದ್ದಕ್ಕೆ ತಾಗಿ ನಿಂತಿತು. ಇನ್ನು ಒಂದು ಗೇಣು. ಅಷ್ಟರಲ್ಲಿ ಬಲಗೈ ಜಾರಿ, ಕಲ್ಲು ಕೆಳಗೆ ಬಿತ್ತು.

ಯಾರೂ ನಗಲಿಲ್ಲ.

ಗೌಸಸಾಬ ಮೂಲೆಯಿಂದ ಜಾಲಿಯ ಗೂಟವೊಂದನ್ನು, ಹೊಡೆಯಲು ಕೊಡತಿಯನ್ನು ತಂದ. "ಎದಿತನಾ ಬಂತಲ್ಲ, ಸಾಕು. ಇಷ್ಟ ದಿನ ದಮ್ ತಗೊಳ್ಳಾಕ ಬಿಡಲಾರದ ಎಬ್ಬಿಸಿದ್ದು ನಂದ ತಪ್ಪು. ಎಲ್ಲೆ ಹೊಡೀಲಿ ಹೇಳು."

"ನನ್ನ ಬಾಜೂಕ ಹೊಡೀರಿ," ಎಂದು ಮುದಕಪ್ಪ ತನ್ನ ಬೆಲ್‌ಬಾಟಮ್ ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

ಅನಂತ ಆ ಜಾಗ ನೋಡಿದ. ನೆರಳಿತ್ತು, ಎತ್ತರವಿತ್ತು. ಹೊರಗೆ ಆಡು ಹಿಂಗಾಲ ಮೇಲೆ ನಿಂತು ಅವನ ಅಂಗಿಯ ಬಲತೋಳಿಗೆ ಬಾಯಿ ಹಾಕುತ್ತಿತ್ತು.

"ಒಲ್ಲೆರಿ, ಹೆಗಲಿಗೆ ಬಂದ ಮ್ಯಾಲ ಹೊಡೀರಿ," ಎಂದ.