ಎಡಕ್ಕೆಳೆಯುವ ಕಾರು, ಬಲಗಡೆಯ ಕಾಯಿಲೆ

ಎಲ್ಲರ ಮನೆಯಲ್ಲೂ ಒಂದು ಹಟಮಾರಿ ಬಾಗಿಲಿರುತ್ತದೆ. ಸ್ವಲ್ಪ ಎತ್ತಿ ಹಿಡಿದು ತಳ್ಳಿದರೆ ಮಾತ್ರ ಮುಚ್ಚುತ್ತದೆ. ಮನೆಯವರ ಕೈಗೆ ಅದು ಅಭ್ಯಾಸವಾಗಿ, ಬಾಗಿಲು ಸರಿಯಿಲ್ಲ ಎಂಬುದೇ ಮರೆತುಹೋಗಿರುತ್ತದೆ. ಯಾರೋ ನೆಂಟರು ಬಂದು ಒದ್ದಾಡಿದಾಗಲೇ ನೆನಪಾಗುವುದು.

ಬೇಕರಿ ಯಜಮಾನರ ಕಾರೂ ಹಾಗೆಯೇ ಇತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು.

ದಿನಾ ಬೆಳಿಗ್ಗೆ ಅವರು ಹಿಂದಿನ ಸೀಟು ಮಡಚಿ, ಟ್ರೇಗಳನ್ನು ಪೇರಿಸಿಕೊಂಡು ಆಸ್ಪತ್ರೆಗೆ, ಹಾಸ್ಟೆಲಿಗೆ, ಅಂಗಡಿಗಳಿಗೆ ಬ್ರೆಡ್ ಕೊಟ್ಟು ಬರುತ್ತಿದ್ದರು. ಕಾರಿನ ಎಳೆತಕ್ಕೆ ಅವರದೇ ಒಂದು ವಿವರಣೆ ಇತ್ತು: ಎಡಗಡೆ ಭಾರ ಹೆಚ್ಚಾಗಿದೆ. ಅದಕ್ಕೇ ಹಗುರವಾದ ಬನ್ನಿನ ಟ್ರೇಗಳನ್ನು ಎಡಕ್ಕೂ ಭಾರವಾದ ಬ್ರೆಡ್ಡಿನ ಟ್ರೇಗಳನ್ನು ಬಲಕ್ಕೂ ಜೋಡಿಸಿ, ತಕ್ಕಡಿ ತೂಗಿದ ಹಾಗೆ ತೂಗುತ್ತಿದ್ದರು. ಅದರಿಂದ ಸರಿಹೋಗಲಿಲ್ಲ. ಎಡಗಡೆಯ ಟೈರ್ ಬದಲಾಯಿಸಿದರು. ಆಗಲೂ ಸರಿಹೋಗಲಿಲ್ಲ. ಹಳೇ ಕಾರು, ಅದರ ಗುಣವೇ ಅಷ್ಟು ಎಂದು ಸುಮ್ಮನಾಗಿ, ಬರುಬರುತ್ತಾ ಅದನ್ನು ಮರೆತೂಬಿಟ್ಟರು.

ಈಗ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಡಾಕ್ಟರು ಒಪ್ಪುವ ತನಕ ಕಾರು ಮುಟ್ಟುವಂತಿಲ್ಲ. ಹೆಂಡತಿ ಓವನ್ ಬಿಟ್ಟು ಕದಲುವಂತಿಲ್ಲ. ಇನ್ನುಳಿದವಳು ಹೊಸದಾಗಿ ಲೈಸೆನ್ಸ್ ಪಡೆದಿದ್ದ ಮಗಳು. ಒಂದು ಬೆಳಿಗ್ಗೆ ಅವಳನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕೂತರು.

ಹಾಸ್ಟೆಲಿನ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಮಗಳು ಬ್ರೇಕ್ ಒತ್ತಿದಳು. ಕಾರು ಎಡಕ್ಕೆ ಹೊರಳಿ, ಬಸ್ಸಿಗಾಗಿ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯ ಮುಂದೆ ಒಂದು ಗೇಣು ದೂರದಲ್ಲಿ ನಿಂತಿತು. ಅಜ್ಜಿ ಎರಡೂ ಕಾಲನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಬನ್ನುಗಳು ಮಾತ್ರ ಕಾರಿನ ತುಂಬ ಉರುಳಾಡಿದವು.

"ನಾನು ತಿರುಗಿಸ್ಲಿಲ್ಲ ಅಪ್ಪ. ಕಾರೇ ಹೋಯ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಅಪ್ಪ. "ಇಷ್ಟು ವರ್ಷದಲ್ಲಿ ನನ್ನ ಕೈಲಿ ಒಂದ್ಸಲ ಆದ್ರೂ ಹೀಗಾಗಿದ್ಯಾ?"

ಮನೆಗೆ ಬಂದು ಮಗಳು ಕೀಲಿಯನ್ನು ಮೊಳೆಗೆ ನೇತುಹಾಕಿದಳು. ಇನ್ನು ಕಾರು ಮುಟ್ಟುವುದಿಲ್ಲ ಎಂದಳು. ರಾತ್ರಿ ಊಟಕ್ಕೂ ಬರಲಿಲ್ಲ. ಅಮ್ಮ ತಮ್ಮ ತಂಗಿಗೆ ಫೋನ್ ಮಾಡಿದರು. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವರು. ಅಕ್ಕನ ಈ ಮಗಳಿಗೆ ಕಲಿಸಿದವರೂ ಅವರೇ.

ಮರುದಿನ ಚಿಕ್ಕಮ್ಮ ಬಂದರು. ಭಾವ, ಮೊದಲು ನೀವು ಓಡಿಸಿ, ನಾನು ನೋಡ್ತೀನಿ ಎಂದರು. ಬೇಕರಿಯ ಹಿಂದಿನ ಖಾಲಿ ಮೈದಾನದಲ್ಲಿ ಯಜಮಾನರು ಕಾರನ್ನು ನಿಧಾನವಾಗಿ ಓಡಿಸಿ ನಿಲ್ಲಿಸಿದರು. ಗೆರೆ ಎಳೆದ ಹಾಗೆ ನೇರ. ನೋಡಿದ್ಯಾ ಎನ್ನುವಂತೆ ನಾದಿನಿಯ ಕಡೆ ತಿರುಗಿದರು.

"ನೋಡ್ದೆ ಭಾವ. ನಿಮ್ಮ ಕಾಲು ಬ್ರೇಕಿಗೆ ಹೋಗೋಕೆ ಮೊದ್ಲೇ ನಿಮ್ಮ ಕೈ ಸ್ಟಿಯರಿಂಗನ್ನ ಬಲಕ್ಕೆ ಎಳೀತಿದೆ. ಕಾರಿನ ಕಾಯಿಲೆ ನಿಮ್ಮ ಕೈಗೆ ಗೊತ್ತು, ನಿಮಗೆ ಗೊತ್ತಿಲ್ಲ."

ಯಜಮಾನರು ನಂಬಲಿಲ್ಲ. ಇನ್ನೊಮ್ಮೆ ಓಡಿಸಿದರು. ಈ ಸಲ ತಮ್ಮ ಕೈಯನ್ನೇ ನೋಡುತ್ತಿದ್ದರು. ಕಾರು ನಿಂತಾಗ ಅದು ಸ್ಟಿಯರಿಂಗನ್ನು ಬಲಕ್ಕೆ ಎಳೆದುಕೊಂಡೇ ಇತ್ತು.

ಚಿಕ್ಕಮ್ಮ ಒಂದೊಂದಾಗಿ ನೋಡುತ್ತಾ ಹೋದರು. ಟೈರುಗಳ ಗಾಳಿ ಅಳೆದರು. ಎರಡೂ ಕಡೆ ಸಮನಾಗಿತ್ತು. ಇದು ಖಾಲಿ ಮೈದಾನ ತಾನೆ ಎಂದು ಮಗಳನ್ನು ಒಪ್ಪಿಸಿ, ಸ್ಟಿಯರಿಂಗನ್ನು ಹಗುರವಾಗಿ ಹಿಡಿದು, ಬ್ರೇಕ್ ಮುಟ್ಟದೆ ಓಡಿಸಲು ಹೇಳಿದರು. ಕಾರು ನೇರ ಹೋಯಿತು. ಮೆಲ್ಲಗೆ ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯಿತು. ಸುಮ್ಮನೆ ಓಡುವಾಗಲೂ ಎಳೆದಿದ್ದರೆ ಟೈರನ್ನೋ ಚಕ್ರಗಳ ಅಲೈನ್‌ಮೆಂಟನ್ನೋ ಮೊದಲು ಅನುಮಾನಿಸಬಹುದಿತ್ತು, ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತಿದ್ದರೆ ಮೊದಲು ಬ್ರೇಕನ್ನೇ ನೋಡಬೇಕು ಎಂದರು. ಇನ್ನೂ ನಾಲ್ಕಾರು ಸಲ ಬ್ರೇಕ್ ಹಾಕಿಸಿ, ಕಾರು ನಿಂತ ಮೇಲೆ ಮುಂದಿನ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿದರು. ಯಜಮಾನರನ್ನೂ ಕರೆದರು. ಎಡಗಡೆ ಬೆಚ್ಚಗಿತ್ತು. ಬಲಗಡೆ ತಣ್ಣಗಿತ್ತು.

"ನಾನು ಹೇಳ್ಲಿಲ್ವಾ, ಎಡಗಡೆಯದೇ ತೊಂದರೆ," ಎಂದರು ಯಜಮಾನರು.

"ಭಾವ, ನಿಮ್ಮ ಎರಡು ಓವನ್‌ನಲ್ಲಿ ಒಂದು ಬಿಸಿಯಾಗಿ ಇನ್ನೊಂದು ತಣ್ಣಗೇ ಇದ್ರೆ, ರಿಪೇರಿಯವರನ್ನ ಯಾವುದಕ್ಕೆ ಕರೆಸ್ತೀರಿ?"

ಬೇಕರಿಯ ಹಿಂಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಯಜಮಾನರು ಸೋಲಲಿಲ್ಲ. ಬಲಗಡೆ ಕೆಟ್ಟಿದ್ದರೆ ಕಾರು ಎಡಕ್ಕೆ ಯಾಕೆ ಹೋಗಬೇಕು ಎಂದು ಕೇಳಿದರು.

ಚಿಕ್ಕಮ್ಮ ಅವರನ್ನು ಒಳಗೆ ಕರೆದುಕೊಂಡು ಹೋಗಿ, ಹಿಟ್ಟು ನಾದುವ ಉದ್ದನೆಯ ಮೇಜನ್ನು ತೋರಿಸಿದರು. ಅದರ ಎಡತುದಿಯನ್ನು ಅಮ್ಮ, ಬಲತುದಿಯನ್ನು ಮಗಳು ಹಿಡಿದು, ಅಕ್ಕಪಕ್ಕ ಮುಂದಕ್ಕೆ ನಡೆದರು. ನಿಲ್ಲಿ ಎಂದಾಗ ಅಮ್ಮ ನಿಂತರು. ಮೊದಲೇ ಹೇಳಿಕೊಟ್ಟಿದ್ದಂತೆ ಮಗಳು ನಡೆಯುತ್ತಲೇ ಇದ್ದಳು. ಮೇಜು ಅಮ್ಮನ ಕಡೆಗೆ, ಎಡಕ್ಕೆ, ತಿರುಗಿಕೊಂಡಿತು.

"ಹೇಳಿ ಭಾವ. ಇವರಿಬ್ಬರಲ್ಲಿ ಯಾರ ತಪ್ಪು?"

ಯಜಮಾನರು ಓರೆಯಾದ ಮೇಜನ್ನೂ ಮಗಳನ್ನೂ ನೋಡಿದರು. "ನಿಲ್ಲದೇ ಇದ್ದವಳದ್ದು," ಎಂದರು.

ಬಲಗಡೆಯ ಚಕ್ರವೂ ಹಾಗೆ, ಬ್ರೇಕ್ ಒತ್ತಿದರೂ ಸರಿಯಾಗಿ ನಿಲ್ಲುತ್ತಿಲ್ಲ ಎಂದರು ಚಿಕ್ಕಮ್ಮ. ಆದರೆ ಇಷ್ಟಕ್ಕೇ ತೀರ್ಪು ಕೊಡಬಾರದು ಎಂದೂ ಸೇರಿಸಿದರು: ಕೆಲವು ಕಾರುಗಳಲ್ಲಿ ಬ್ರೇಕ್ ಬಿಡದೆ ಕಚ್ಚಿಕೊಂಡು ಆ ಕಡೆಯ ಚಕ್ರ ಅತಿಯಾಗಿ ಕಾಯುತ್ತದೆ, ಆಗ ಬಿಸಿಯಾದದ್ದೇ ಕೆಟ್ಟದ್ದು. ಆದ್ದರಿಂದ ಬಿಚ್ಚಿ ನೋಡಲೇಬೇಕು, ಅಲ್ಲಿಯವರೆಗೆ ಕಾರು ರಸ್ತೆಗೆ ಇಳಿಯಕೂಡದು.

ಮೆಕ್ಯಾನಿಕ್ ಬೇಕರಿಗೇ ಬಂದರು. ಬಲಚಕ್ರ ಬಿಚ್ಚಿದಾಗ, ಬ್ರೇಕ್ ಪ್ಯಾಡನ್ನು ಒತ್ತಬೇಕಾದ ಪಿಸ್ಟನ್ ತುಕ್ಕು ಹಿಡಿದು ಕೂತಲ್ಲೇ ಕೂತಿತ್ತು. ಅವರು ಆ ಭಾಗವನ್ನು ಬದಲಾಯಿಸಿ, ಪ್ಯಾಡುಗಳನ್ನು ಎರಡೂ ಕಡೆ ಹೊಸದಾಗಿ ಹಾಕಿ, ಬ್ರೇಕ್ ಆಯಿಲ್ ಬದಲಿಸಿ, ಅದರ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಮೈದಾನದಲ್ಲಿ ಓಡಿಸಿ ನೋಡಿದ ಮೇಲೆಯೇ ಕೀಲಿ ಕೊಟ್ಟರು. ಯಜಮಾನರು ಆ ಕೀಲಿಯನ್ನು ಮೊಳೆಗೆ ಹಾಕದೆ ಮಗಳ ಕೈಗಿಟ್ಟರು.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯ ಬ್ರೆಡ್ಡನ್ನೂ ಅಪ್ಪನನ್ನೂ ಒಟ್ಟಿಗೆ ಕಾರಿನಲ್ಲಿ ಒಯ್ದವಳು ಮಗಳೇ. ಹಾಸ್ಟೆಲಿನ ತಿರುವಿನಲ್ಲಿ ಅದೇ ಬೆಂಚು, ಅದೇ ಅಜ್ಜಿ. ಕಾರನ್ನು ಕಂಡೊಡನೆ ಅಜ್ಜಿ ಕಾಲು ಮೇಲಕ್ಕೆಳೆದುಕೊಂಡರು. ಮಗಳು ಬ್ರೇಕ್ ಒತ್ತಿದಳು. ಕಾರು ನೇರವಾಗಿ ನಿಂತಿತು. ಪಕ್ಕದ ಸೀಟಿನಲ್ಲಿ ಅಪ್ಪನ ಕೈ, ಹಿಡಿಯಲು ಏನೂ ಇಲ್ಲದಿದ್ದರೂ, ತೊಡೆಯ ಮೇಲೆಯೇ ಬಲಕ್ಕೆ ತಿರುಗಿತ್ತು. ಅವರು ಅದನ್ನು ನೋಡಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದರು.

"ನೆಲಾನೇ ಡೊಂಕಿತ್ತು ಕಣಮ್ಮ," ಎಂದರು.

ಅಜ್ಜಿ ನಿಧಾನವಾಗಿ ಕಾಲು ಕೆಳಗಿಟ್ಟರು.

ಓದುತ್ತಿರುವವರೇ, ನಿಮ್ಮ ಕಾರೂ ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯುತ್ತದೆಯೆ? ಅಥವಾ ಎಳೆಯುವುದು ನಿಮಗೆ ತಿಳಿಯದಷ್ಟು ನಿಮ್ಮ ಕೈ ಪಳಗಿಬಿಟ್ಟಿದೆಯೆ? ಮನೆಯಲ್ಲಿ ಕಾರು ಓಡಿಸಬಲ್ಲ ಇನ್ನೊಬ್ಬರನ್ನು ಕೇಳಿ. ಅವರು ಹೌದು ಎಂದರೆ ನಗಬೇಡಿ, ಎಳೆಯುವ ಕಡೆಯದೇ ತಪ್ಪೆಂದು ನೀವೇ ತೀರ್ಮಾನಿಸಲೂ ಬೇಡಿ. ಟೈರಿನ ಗಾಳಿ ನೋಡಿ, ಮೆಕ್ಯಾನಿಕ್‌ಗೆ ಎರಡೂ ಕಡೆಯ ಬ್ರೇಕ್ ಬಿಚ್ಚಿ ನೋಡಲು ಹೇಳಿ. ಹಟಮಾರಿ ಬಾಗಿಲಿನ ಜೊತೆ ಹೊಂದಿಕೊಂಡು ಬದುಕಬಹುದು. ಹಟಮಾರಿ ಬ್ರೇಕಿನ ಜೊತೆ ಹೊಂದಿಕೊಳ್ಳಬೇಡಿ. ಬೆಂಚಿನ ಮೇಲೆ ಯಾರೋ ಕೂತಿರುತ್ತಾರೆ.