ಕೇಪಿನ ಸೊಟ್ಟ ಹೊಲಿಗೆ

ನನ್ನ ತಂಗಿ ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಾಳೆ, ನಾನು ಅದರ ಮೇಲೆ ಮಸಿ ಹಾಕುತ್ತೇನೆ. ನಮ್ಮ ಕಾಮಿಕ್ಸಿನ ನಾಯಕ ಬೆನ್ನಿಗೆ ನೀಲಿ ಕೇಪು ಕಟ್ಟಿಕೊಂಡು ಹಾರುತ್ತಾನೆ, ಕುಸಿಯುವ ಸೇತುವೆ ಎತ್ತಿ ಹಿಡಿಯುತ್ತಾನೆ, ಮನೆಗೆ ಬಂದರೆ ಹೆಂಡತಿಯ ಮುಂದೆ ಬಾಲ ಮುದುರಿಕೊಂಡು ಕೂರುತ್ತಾನೆ. ಆಕೆ ಬಂದರಿನಲ್ಲಿ ಕ್ರೇನ್ ಓಡಿಸುವವಳು. ಅವರಿಬ್ಬರ ಪ್ರೀತಿ ಎಂದರೆ ತಂಗಿಗೆ ಪಂಚಪ್ರಾಣ.

ಆ ಪ್ರಾಣಕ್ಕೇ ಸಂಚಕಾರ ಬಂತು. ಈಗಿನ ಓದುಗರು ಪ್ರೀತಿಗೀತಿ ನಂಬುವುದಿಲ್ಲ, ಹೆಂಡತಿ ಬಿಟ್ಟು ಹೋಗಲಿ ಎಂದು ಸಂಪಾದಕರು ಹಟ ಹಿಡಿದರು. ಕೊನೆಗೆ, ಪುಸ್ತಕದಂಗಡಿಯಲ್ಲಿ ಅಭಿಮಾನಿಗಳ ಚರ್ಚೆ ಕೇಳಿ ತೀರ್ಮಾನಿಸೋಣ ಎಂದರು. ತಂಗಿ ಅಳು ನುಂಗಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಚರ್ಚೆಯಲ್ಲಿ ಮೊದಲು ಎದ್ದವನು ಕಹಿರಾಯ. ಯಾವುದನ್ನೂ ನಂಬದ ಅವನಿಗೆ ಗೆಳೆಯರೇ ಇಟ್ಟ ಹೆಸರದು.

"ಪ್ರತಿ ಸಂಚಿಕೇಲೂ ಇವನ ಕೇಪು ಹರಿಯುತ್ತೆ, ಮುಂದಿನದರಲ್ಲಿ ಹೊಚ್ಚ ಹೊಸದಾಗಿರುತ್ತೆ," ಎಂದ. "ಈ ಪ್ರೀತೀನೂ ಹಂಗೇ. ಏನೇ ಆದ್ರೂ ಒಂದು ಗುರುತೂ ಉಳಿಯಲ್ಲ. ನಮ್ಮ ಕಿವಿಗೆ ಹೂ ಇಡ್ಬೇಡಿ."

ಹಲವರು ತಲೆದೂಗಿದರು, ಸಂಪಾದಕರೂ ಸೇರಿ. ನನಗೆ ತಲೆ ಕೆಟ್ಟಿತು. ಹರಿದ ಕಡೆಯೆಲ್ಲ ಆ ಹೆಂಡತಿ ಹಾಕಿದ ಹೊಲಿಗೆ ಇದೆ, ಒಂದೊಂದಕ್ಕೂ ಮಸಿ ಹಾಕಿದವಳು ನಾನು. ಕಣ್ಣು ಬಿಟ್ಟು ನೋಡಪ್ಪ ಎಂದು ಅಂಗಡಿಯ ಪುಸ್ತಕವೊಂದನ್ನು ಬಿಡಿಸಿ ಹಿಡಿದೆ. ಹೊಲಿಗೆ ಇರಲಿಲ್ಲ. ಇನ್ನೊಂದು ಬಿಡಿಸಿದೆ, ಅದರಲ್ಲೂ ಇಲ್ಲ.

ಅಚ್ಚಾಗಿ ಬಂದ ಪುಸ್ತಕ ನಾವು ತೆರೆಯುವವರಲ್ಲ. ತಪ್ಪೊಂದು ಕಣ್ಣಿಗೆ ಬಿದ್ದರೆ ತಂಗಿಗೆ ಊಟ ಸೇರುವುದಿಲ್ಲ. ಹಾಗಾಗಿ ಕಟ್ಟು ಬಂದ ಹಾಗೇ ಅಟ್ಟ ಸೇರುತ್ತದೆ. ಸಂಪಾದಕರು ಕಚೇರಿಗೆ ಫೋನು ಮಾಡಿ ಕೇಳಿದರು. ಅಚ್ಚಿಗೆ ಮುಂಚೆ ಪುಟ ಶುಚಿ ಮಾಡುವವರು ಆ ಹೊಲಿಗೆಯ ಗೀಟುಗಳನ್ನು ಮಸಿ ಸಿಡಿದ ಕಲೆಯೆಂದು ಮೊದಲಿನಿಂದಲೂ ಅಳಿಸುತ್ತಾ ಬಂದಿದ್ದರಂತೆ.

ತಂಗಿ ಜಗಳಕ್ಕೆ ನಿಲ್ಲಲಿಲ್ಲ. ನಮ್ಮ ಮನೆ ಪಕ್ಕದ ಬೀದಿಯಲ್ಲೇ. ಹೋಗಿ ಮೂಲ ಪುಟಗಳನ್ನು ತಂದು ಮೇಜಿನ ತುಂಬ ಹರಡಿದಳು. ಮೊದಲ ಸಂಚಿಕೆಯಲ್ಲಿ ಹರಿದದ್ದು ಕೊನೆಯ ಸಂಚಿಕೆಯಲ್ಲೂ ಹೊಲಿಗೆ ಹಾಕಿಸಿಕೊಂಡು ಕೂತಿತ್ತು. ಕಹಿರಾಯ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಇಷ್ಟು ಸೊಟ್ಟಗೆ ಯಾರು ಹೊಲಿದಿದ್ದು?" ಎಂದ.

"ಅವಳೇ," ಎಂದಳು ತಂಗಿ. "ಕ್ರೇನ್ ಓಡಿಸೋ ಕೈ, ಸೂಜಿ ಹಿಡಿದು ಅಭ್ಯಾಸ ಇಲ್ಲ. ಆದ್ರೂ ಬೇರೆಯವರ ಕೈಗೆ ಕೊಡಲ್ಲ."

ಅವನು ಒಂದೊಂದೇ ಪುಟ ತಿರುವುತ್ತಾ ಹೋದ. ಆಮೇಲೆ ಸಂಪಾದಕರ ಕಡೆ ತಿರುಗಿದ.

"ಇವಳನ್ನ ಕಳಿಸಿಬಿಟ್ರೆ ಇವನ ಕೇಪು ಹೊಲಿಯೋರು ಯಾರು, ಸಾರ್?"

ಸಂಪಾದಕರು ಮತ್ತೆ ಕಚೇರಿಗೆ ಫೋನು ಮಾಡಿ, ಇನ್ನು ಆ ಹೊಲಿಗೆ ಅಳಿಸಬೇಡಿ ಎಂದರು. ಹೆಂಡತಿ ಉಳಿದಳು. ಅವತ್ತು ತಂಗಿಯ ಪಕ್ಕದಲ್ಲಿ ಬೀದಿಯಲ್ಲಿ ನಡೆಯುವಾಗ ನನಗೆ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುಂದಿನ ಸಂಚಿಕೆಯ ಕಟ್ಟು ಅಟ್ಟಕ್ಕೆ ಹೋಗಲಿಲ್ಲ. ತಂಗಿ ಹೊಸ್ತಿಲಲ್ಲೇ ಹುರಿ ಕಿತ್ತು ಪುಸ್ತಕ ಬಿಡಿಸಿ, ಹೊಲಿಗೆಗಳ ಮೇಲೆ ಬೆರಳಾಡಿಸಿದಳು.

"ಅಕ್ಕ, ಎಲ್ಲಾ ಇದಾವೆ," ಎಂದಳು.