ಬಾಯಿ ಬಿಟ್ಟ ಕರ್ಚಿಕಾಯಿ

ಬೀಗತಿ ಪಕೀರಮ್ಮ ಲಿಂಗಸುಗೂರಿನಿಂದ ಫೋನು ಮಾಡಿದಳು. ನನಗೆ ಹೂಂ ಅನ್ನಲಿಕ್ಕೂ ಬಿಡಲಿಲ್ಲ.

"ಕುಬಸದ ಕರ್ಚಿಕಾಯಿ ನಿಮ್ಮ ಕೈಲೇ ಆಗಬೇಕ್ರೀ ಕನಕಮ್ಮ. ನಿಮ್ಮ ಸೊಸಿ ಕೈ ಹಚ್ಚಬಾರದು. ಆ ಎಡಚಿ ಕೈಲೆ ಮಾಡಿಸಿ ಒಮ್ಮೆ ಕಳಕೊಂಡೀವಿ, ಸಾಕು."

ನನ್ನ ಮಗಳು ಅಂಬಿಕಾಳನ್ನು ಆಕೆಯ ಮಗನಿಗೆ ಕೊಟ್ಟಿದ್ದೇನೆ. ಎರಡು ವರ್ಷದ ಹಿಂದೆ, ಮೊದಲ ಬಸಿರಿನ ಐದನೇ ತಿಂಗಳ ಕುಬಸಕ್ಕೆ ತವರಿನಿಂದ ನಾವು ಒಯ್ದ ಡಬ್ಬಿಯಲ್ಲಿ ಒಂದು ಕರ್ಚಿಕಾಯಿ ಬಾಯಿ ಬಿಟ್ಟಿತ್ತು. ಉಡಿ ತುಂಬುವಾಗ ಅದರ ಹೂರಣವೆಲ್ಲ ಮಗಳ ಹಸಿರು ಸೀರೆಯ ಮೇಲೆ ಚೆಲ್ಲಿತು. ಹದಿನೈದು ದಿನಕ್ಕೆ ಬಸಿರು ಹೋಯಿತು. ಡಾಕ್ಟರು ಏನೇನೋ ಕಾರಣ ಹೇಳಿದರು, ಆದರೆ ಪಕೀರಮ್ಮನಿಗೆ ಕಾರಣ ಆಗಲೇ ಸಿಕ್ಕಿತ್ತು. ನನ್ನ ಸೊಸೆ ನಂದಿನಿ ಸಿಂಧನೂರು ಹತ್ತಿರದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ, ಮಗ ರಾಜೇಶ ಮೆಚ್ಚಿ ಮಾಡಿಕೊಂಡವಳು. ಮೇಲಾಗಿ ಎಡಚಿ. ಅವತ್ತು ನಾವಿಬ್ಬರೂ ಕೂಡಿಯೇ ಕರ್ಚಿಕಾಯಿ ಮಾಡಿದ್ದೆವು. ತಪ್ಪು ಯಾರ ತಲೆಗೆ ಕಟ್ಟಿದರೆಂದು ಬಿಡಿಸಿ ಹೇಳಬೇಕೆ?

ಆದರೆ ಆ ಕರ್ಚಿಕಾಯಿ ನನ್ನದು.

ಅಂಚನ್ನು ಬೆರಳಿನಲ್ಲಿ ಹಿಡಿದು ಒಂದರ ಮೇಲೊಂದು ಮಡಚುತ್ತ ಹೋಗುವುದಕ್ಕೆ ನಾವು ಮುರಿಗೆ ಅನ್ನುತ್ತೇವೆ. ನಮ್ಮವ್ವ ನನಗೆ ಕಲಿಸಿದ್ದು. ನಾನು ಹಾಕಿದ ಮುರಿಗೆ ಬಲಕ್ಕೆ ಮಲಗುತ್ತದೆ, ನಂದಿನಿ ಹಾಕಿದ್ದು ಎಡಕ್ಕೆ. ಒಡೆದದ್ದರ ಮುರಿಗೆ ಬಲಕ್ಕೆ ಮಲಗಿತ್ತು. ಕಣ್ಣಾರೆ ಕಂಡೆ. ಕಂಡರೂ ತುಟಿ ಹೊಲಿದುಕೊಂಡು ಕೂತೆ. ಹೆತ್ತ ಮಗಳ ಬಸಿರು ತೆಗೆದವಳು ಅಂತ ನನ್ನನ್ನು ಅಂದಾರು ಎಂಬ ಹೆದರಿಕೆ. ಇಂಥ ಹೆಂಗಸು ನಾನು, ಏನು ಮಾಡುತ್ತೀರಿ!

ಈಗ ಅಂಬಿಕಾಳಿಗೆ ಮತ್ತೆ ಐದು ತಿಂಗಳು. ನನಗೋ ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಬೆರಳ ಗಂಟುಗಳು ಬಾತು ಕೂತಿವೆ. ಸೂಜಿ ಹಿಡಿಯಲಿಕ್ಕೆ ಆಗುವುದಿಲ್ಲ, ಮುರಿಗೆ ಎಲ್ಲಿಂದ ಹಾಕಲಿ? ಕುಬಸದ ದಿನ ಬೆಳಗ್ಗೆ ಆರಕ್ಕೇ ಒಲೆ ಹಚ್ಚಿದೆ. ಒಂಬತ್ತಕ್ಕೆ ನಮ್ಮೂರು ತುರ್ವಿಹಾಳದಿಂದ ಬಸ್ಸು.

"ನಂದಿನಿ, ನೀನೇ ಮಾಡು. ನಾ ಮಾಡೀನಿ ಅಂತ ಹೇಳ್ತೀನಿ," ಎಂದೆ.

ಆಕೆ ನನ್ನ ಮುಖ ನೋಡಿದಳು. "ಹೂಂ ರೀ," ಎಂದಳು, ಅಷ್ಟೇ.

ಕೂತಳು. ಒಣಕೊಬ್ಬರಿ, ಪುಟಾಣಿ ಹಿಟ್ಟು, ಬೆಲ್ಲ, ಗಸಗಸೆ, ಯಾಲಕ್ಕಿ ಎಲ್ಲ ನಮ್ಮವ್ವನ ಅಳತೆಯಲ್ಲೇ ಕಲಸಿದ್ದಳು. ಪೂರಿಯಷ್ಟು ಲಟ್ಟಿಸಿ, ಹೂರಣವಿಟ್ಟು, ಮಡಚಿ ಅಂಚು ಕಟ್ಟತೊಡಗಿದಳು. ಆಕೆಯ ತವರಿನಲ್ಲಿ ಸಂಕ್ರಾಂತಿಗೆ ಮಾಡುವ ಪುಲಿ ಪಿಠೆಯೂ ಇದೇ ಅರ್ಧಚಂದ್ರ, ಅದಕ್ಕೆ ಕೈ ಪಳಗಿತ್ತು. ಆದರೂ ನನ್ನ ಜೀವ ನಿಲ್ಲಬೇಕಲ್ಲ!

"ಹೂರಣ ಎರಡು ಚಮಚಾದ ಮ್ಯಾಲೆ ಹಾಕಬ್ಯಾಡ. ಅಂಚಿಗೆ ಹಾಲು ಹಚ್ಚು, ನೀರಲ್ಲ. ಕಡೀ ಮಡಿಕಿ ಒಳಗ ತುರುಕು. ಏ, ಆ ತುದಿ ನೋಡು, ಬಾಯಿ ಮುಚ್ಚಬೇ!"

ನಂದಿನಿಯ ಕೈ ನಿಂತಿತು.

"ಯಾರ ಬಾಯಿರೀ ಅತ್ತಿ? ಕರ್ಚಿಕಾಯಿದ್ದು ಈಗ ಮುಚ್ಚಾಕತ್ತೀನಿ. ನಂದು ಮುಚ್ಚಿ ಎರಡು ವರ್ಷ ಆತು."

ಕರಿಯುತ್ತಿದ್ದ ನನ್ನ ಜಾರಿ ಸೌಟು ಎಣ್ಣೆಯಲ್ಲೇ ಉಳಿಯಿತು.

"ನಿನಗ ಗೊತ್ತೈತೇನು?"

"ಅವತ್ತು ಕಸ ಬಳಿದಾಕಿ ನಾನೇ ಅಲ್ರೀ? ಒಡೆದದ್ದನ್ನ ಕೈಯಾಗ ಹಿಡಿದು ಮುರಿಗಿ ನೋಡಿದೆ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಅಷ್ಟರಲ್ಲಿ ಬಾಣಲೆಯಲ್ಲಿ ಒಂದು ಕರ್ಚಿಕಾಯಿಯ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಏಳತೊಡಗಿತು. ಅಮರೇಶಾ, ಕಾಪಾಡಪ್ಪಾ! ಒಲೆ ಸಣ್ಣ ಮಾಡಿದೆ. ನಂದಿನಿ ಎದ್ದು ಬಂದು ಜಾರಿ ಕಸಿದುಕೊಂಡಳು, ಎಡಗೈಯಲ್ಲಿ ಆ ಕರ್ಚಿಕಾಯಿಯನ್ನು ಮೆಲ್ಲಗೆ ಮಗ್ಗಲು ಮಾಡಿದಳು. ಗುಳ್ಳೆ ನಿಂತವು. ಇಪ್ಪತ್ತೊಂದರಲ್ಲಿ ಒಂದೂ ಒಡೆಯಲಿಲ್ಲ. ಆರಿದ ಮೇಲೆ ಇಬ್ಬರೂ ಕೂಡಿ ಡಬ್ಬಿಗೆ ತುಂಬಿದೆವು.

ಲಿಂಗಸುಗೂರಿನ ಮನೆಯ ಪಡಸಾಲೆ ತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆಯಲ್ಲಿ ಅಂಬಿಕಾ ಮಣೆಯ ಮೇಲೆ ಕೂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಪಕೀರಮ್ಮ ಡಬ್ಬಿಯ ಮುಚ್ಚಳ ತೆಗೆದು ಒಂದೊಂದನ್ನೇ ತಿರುಗಿಸಿ ನೋಡಿದಳು. ಇಪ್ಪತ್ತೊಂದನ್ನೂ.

"ನೋಡ್ರಿ ಎಲ್ಲಾರೂ, ಒಂದರ ಬಾಯಿ ಬಿಟ್ಟೈತೇನು? ತಾಯಿ ಕೈಗುಣ ಅಂದ್ರ ಇದು!" ಎಂದಳು. ಆಮೇಲೆ ನಂದಿನಿಯ ಕಡೆ ತಿರುಗಿ, "ನೀ ಹೊಸ್ತಿಲ ಆಚೆ ನಿಂದ್ರವ್ವ, ಉಡಿ ತುಂಬೋ ಮಟ," ಎಂದಳು.

ನಂದಿನಿ ಹೊಸ್ತಿಲು ದಾಟಿ ನಿಂತಳು. ಚಪ್ಪಲಿಗಳ ಮಧ್ಯೆ.

ನಾನು ಸುಮ್ಮನಿದ್ದರೆ ಎಲ್ಲ ಸಸೂತ್ರವಾಗಿ ಮುಗಿಯುತ್ತಿತ್ತು. ಮಾತಾಡಿದರೆ ಮಗಳು ಹೆದರಿ ಏನಾದರೂ ಆದೀತು, ಬೀಗತಿ ನನ್ನನ್ನು ಈ ಮನೆಯ ಮೆಟ್ಟಿಲು ಹತ್ತಿಸದೆಯೂ ಇದ್ದಾಳು. ಆದರೆ ಆ ಚಪ್ಪಲಿಗಳ ಮಧ್ಯದ ಎರಡು ಪಾದಗಳನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆ ಬಂತು. ಒಂದು ಕರ್ಚಿಕಾಯಿ ಎತ್ತಿ ಹಿಡಿದೆ.

"ಪಕೀರಮ್ಮನವರ, ಮುರಿಗಿ ಯಾವ ಕಡೆ ಮಲಗ್ಯಾವ ನೋಡ್ರಿ. ಎಡಕ್ಕ. ಇವನ್ನ ಮಾಡಿದ್ದು ನನ್ನ ಸೊಸಿ, ಇಪ್ಪತ್ತೊಂದೂ. ನನ್ನ ಮುರಿಗಿ ಬಲಕ್ಕ ಬೀಳ್ತಾವ. ಅವತ್ತು ಒಡೆದದ್ದರ ಮುರಿಗಿ ಬಲಕ್ಕಿತ್ತು. ಅದು ನಂದು."

ಪಕೀರಮ್ಮನ ಮುಖ ಕೆಂಪಗಾಯಿತು.

"ಮತ್ತ ಎರಡು ವರ್ಷ ನೀವು ಯಾಕ ಬಾಯಿ ಬಿಡಲಿಲ್ಲ?"

"ಅಂಜಿಕಿ ರೀ. ನನ್ನ ಹೆಸರು ಕೆಡತೈತಿ ಅಂತ. ಈಕಿ ಹೆಸರು ಕೆಟ್ಟರ ಕೆಡಲಿ ಅಂತ ಬಿಟ್ಟೆ."

ಅಂಬಿಕಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದವು. ಗೋಡೆ ಹಿಡಿದು ಮಣೆಯಿಂದ ಎದ್ದಳು. "ಏ, ಏಳಬಾರದು!" ಎಂದು ಯಾರೋ ಕೂಗಿದರು. ಅವಳು ಕೇಳಲಿಲ್ಲ. ಹೊಸ್ತಿಲವರೆಗೆ ಹೋಗಿ ಸೆರಗು ಒಡ್ಡಿದಳು.

"ಅತ್ತಿಗಿ, ನೀನೇ ಉಡಿ ತುಂಬು."

ನಂದಿನಿ ಒಳಗೆ ಬಂದು ಡಬ್ಬಿಗೆ ಬಲಗೈ ಹಾಕಿದಳು.

"ಅದಲ್ಲ, ಮಾಡಿದ ಕೈಲೆ ತುಂಬು," ಎಂದಳು ನನ್ನ ಮಗಳು.

ಪಕೀರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಎಡಗೈಯಿಂದ ಐದು ಕರ್ಚಿಕಾಯಿ ಒಂದೊಂದಾಗಿ ಹಸಿರು ಉಡಿಗೆ ಬಿದ್ದವು.

ತಿರುಗಿ ಬರುವಾಗ ಮಸ್ಕಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ನನ್ನ ಪಕ್ಕ ಜಾಗವಿತ್ತು. ನಂದಿನಿ ಎರಡು ಸೀಟು ಮುಂದೆ ಕಿಟಕಿಗೆ ಕೂತಳು. ಎದ್ದು ಹೋಗಿ ಆಕೆಯ ಹಿಂದೆ ಕೂತೆ.

"ನಂದಿನಿ, ನಂದು ತಪ್ಪಾತವ್ವ. ಹೇಳಿದೆನಲ್ಲ ಇವತ್ತು?"

ಆಕೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ.

"ಹೇಳಿದ್ರಿ ಅತ್ತಿ. ಆದ್ರ ಎರಡು ವರ್ಷ ಆತು."

ಮತ್ತೆ ಕಿಟಕಿಗೆ ಮುಖ ಮಾಡಿದಳು. ಸಿಂಧನೂರಿನಲ್ಲಿ ಬಸ್ಸು ಬದಲಿಸುವ ತನಕ ನಾನು ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.